ಸೈಟುಗಲ್ಲುಗಳ ನಡುವಿನ ಹುಲ್ಲು

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಡೆ ಹೋಗುವ ರಸ್ತೆಯಂಚಿನ ದಿನ್ನೆಯೊಂದರ ಮೇಲೆ ಶಾಮಿಯಾನ ಎದ್ದಿದೆ. ಬಣ್ಣಬಣ್ಣದ ಬಾವುಟ, ಪ್ಲಾಸ್ಟಿಕ್ ಕುರ್ಚಿ, ಕಾಫಿ ಫ್ಲಾಸ್ಕು, ‘ಏರ್‌ಪೋರ್ಟಿಗೆ ಅರ್ಧ ಗಂಟೆ’ ಎಂಬ ಫ್ಲೆಕ್ಸು. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಕುಟುಂಬಗಳು ಕೈಯಲ್ಲಿ ನಕ್ಷೆ ಹಿಡಿದು 30 ಅಡಿಗೆ 40 ಅಡಿಯ ತಮ್ಮ ತುಂಡು ಯಾವುದೆಂದು ಹುಡುಕುತ್ತಿವೆ. ಹಳದಿ ಬಣ್ಣ ಬಳಿದು ನಂಬರು ಬರೆದ ಸೈಟುಗಲ್ಲುಗಳ ನಡುವೆ ಮೊಣಕಾಲೆತ್ತರದ ಒಣ ಹುಲ್ಲು. ಆ ಹುಲ್ಲಿನಲ್ಲಿ ಒಂದು ಕುರಿಮಂದೆ. ಕುರಿಯವನನ್ನು ಯಾರೂ ಓಡಿಸುತ್ತಿಲ್ಲ. ಮೇದು ಜಾಗ ಚೊಕ್ಕಟವಾದರೆ ಸೈಟು ಮಾರುವವರಿಗೂ ಅನುಕೂಲವೇ.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಈ ನಾಲ್ಕೂ ಊರುಗಳನ್ನು ಒಂದೇ ಹೆದ್ದಾರಿ ಪೋಣಿಸುತ್ತದೆ. ಹಳಬರ ಬಾಯಲ್ಲಿ ಅದು ಇನ್ನೂ 234, ಈಗಿನ ಲೆಕ್ಕದಲ್ಲಿ 69. ಆ ದಾರಿಯುದ್ದಕ್ಕೂ ಇಂಥ ನೋಟ ಈಗ ಮಾಮೂಲು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರುವರ್ಷ ಮೇ ತಿಂಗಳಲ್ಲಿ ಪಕ್ಕದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಮೊದಲನೆಯದು ಸರ್ಕಾರಿ ಕಟ್ಟಡಗಳಿಗೆ ಜಾಗ ಕೇಳಿತು, ಎರಡನೆಯದು ಎಕರೆಯ ಲೆಕ್ಕವನ್ನು ಚದರಡಿಗೆ ಇಳಿಸಿತು. ಇವೆರಡರ ನಡುವೆ ಸಿಕ್ಕಿಕೊಂಡದ್ದು ಊರ ಹೊರಗೆ ‘ಸುಮ್ನೆ ಬಿದ್ದೈತಲ್ಲ’ ಅನ್ನಿಸಿಕೊಂಡಿದ್ದ ನೆಲ.

ಅಲ್ಲಿ ಏನೂ ಇರಲಿಲ್ಲವೇ?

ಇದು ಮಲೆನಾಡಲ್ಲ. ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ, ಅದೂ ಹೆಚ್ಚಿನದು ಆಗಸ್ಟ್‌ನಿಂದ ಅಕ್ಟೋಬರ್‌ ಒಳಗೆ. ಕಲ್ಲುಬಂಡೆಯ ಮೇಲೆ ತೆಳ್ಳಗೆ ಹಾಸಿದ ಕೆಂಪು ಮಣ್ಣು. ಇಂಥ ಕಡೆ ತಾನಾಗಿ ಬೆಳೆಯುವುದು ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಕಾರೆ, ಬಂದರೆಯಂಥ ಕುರುಚಲು. ಅದನ್ನು ಹಾಳಾದ ಕಾಡು ಎಂದು ಮೊದಲು ಬರೆದಿಟ್ಟವರು ಬ್ರಿಟಿಷ್ ಕಾಲದ ಅಧಿಕಾರಿಗಳು. ಸೌದೆಯೂ ಸಿಗದ, ಕಂದಾಯವೂ ಬಾರದ ನೆಲ ಅವರ ಕಣ್ಣಿಗೆ ದಂಡವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ನಾವು ಅದೇ ಪಟ್ಟಿಯನ್ನು ನಕಲು ಮಾಡಿಕೊಂಡು ಬಂದದ್ದು ಸ್ವಲ್ಪ ಆಶ್ಚರ್ಯ. ಕೇಂದ್ರ ಸರ್ಕಾರ ಉಪಗ್ರಹ ಚಿತ್ರಗಳಿಂದ ತಯಾರಿಸುವ ಪಾಳುಭೂಮಿಯ ನಕಾಶೆಯಲ್ಲಿ ಕುರುಚಲು ನೆಲ ಇವತ್ತಿಗೂ ಪಾಳು.

ವಿಜ್ಞಾನಿಗಳ ಮಾತು ಬೇರೆ. ಬಿಸಿಲನ್ನೇ ಉಂಡು ಬೆಳೆಯುವ ಈ ಜಾತಿಯ ಹುಲ್ಲುಗಳು ಭಾರತ ಉಪಖಂಡದಲ್ಲಿ ಹರಡಿದ್ದು ಸುಮಾರು 70–80 ಲಕ್ಷ ವರ್ಷಗಳ ಹಿಂದೆ. ಕೊಡಲಿ, ನೇಗಿಲು ಹಿಡಿದ ಮನುಷ್ಯ ಬರುವುದಕ್ಕೆ ಬಹಳ ಮುಂಚೆ. ಮರ ಕಡಿದ ಮೇಲೆ ಹುಟ್ಟಿದ್ದು ಈ ಬಯಲು ಎನ್ನುವುದಾದರೆ, ಬಯಲಲ್ಲದೆ ಬೇರೆಡೆ ಬಾಳಲಾರದ ಕೃಷ್ಣಮೃಗ, ಎರ್ಲಡ್ಡು (ಬಸ್ಟರ್ಡ್ ಹಕ್ಕಿ), ನೆಲಗುಬ್ಬಿಗಳು ಎಲ್ಲಿಂದ ಬಂದವು? ಎಂ.ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಅವರು ದೇಶದ ಅರೆಶುಷ್ಕ ಬಯಲುಗಳ ನಕ್ಷೆ ಮಾಡಿದಾಗ ಅವು ಭಾರತದ ಭೂಭಾಗದ ಹತ್ತರಲ್ಲಿ ಒಂದು ಪಾಲು ಇರುವುದು ಕಂಡಿತು. ಅದರಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿರುವುದು ಶೇ 5ಕ್ಕಿಂತ ಕಡಿಮೆ. ಉಳಿದದ್ದೆಲ್ಲ ನಮ್ಮ ದಿನ್ನೆಗಳ ಹಾಗೆ ಕಾವಲಿಲ್ಲದೆ ಇದೆ.

ಒಂದು ಊಬಿನ ಕೆಲಸ

ದೂರದಿಂದ ನೋಡಿದರೆ ಎಲ್ಲ ಒಂದೇ ಹುಲ್ಲು. ನವೆಂಬರ್ ಕೊನೆಗೆ ಪಂಚೆಯುಟ್ಟೋ ಪ್ಯಾಂಟು ತೊಟ್ಟೋ ಬೆಟ್ಟದ ಬುಡದ ಗೋಮಾಳ ದಾಟಿದವರಿಗೆ ಮಾತ್ರ ಅದರೊಳಗಿನ ಒಂದು ಜಾತಿ ತಾನೇ ಪರಿಚಯ ಹೇಳಿಕೊಳ್ಳುತ್ತದೆ. ಬಟ್ಟೆಗೆ ಸೂಜಿಯಂತೆ ಚುಚ್ಚಿಕೊಂಡು, ನಡೆದಷ್ಟೂ ಒಳಗೆ ಹೋಗುತ್ತದೆ. ಒಂದನ್ನು ಕಿತ್ತು ಅಂಗೈಮೇಲೆ ಇಟ್ಟುಕೊಳ್ಳಿ. ಬುಡದಲ್ಲಿ ಚೂಪಾದ ಬೀಜ, ಅದಕ್ಕೆ ಬೆರಳುದ್ದದ ಕಂದು ಊಬು, ಊಬು ನಡುವೆ ಹಗ್ಗದಂತೆ ಹೊಸೆದುಕೊಂಡಿದೆ. ಎರಡು ಹನಿ ನೀರು ಬಿಟ್ಟರೆ ಅದು ನಿಧಾನವಾಗಿ ಬಿಚ್ಚಿಕೊಳ್ಳುತ್ತ ತಿರುಗುತ್ತದೆ. ಒಣಗಿದರೆ ಮತ್ತೆ ಹೊಸೆದುಕೊಳ್ಳುತ್ತದೆ. ರಾತ್ರಿ ಇಬ್ಬನಿ, ಹಗಲು ಬಿಸಿಲು. ಹೀಗೆ ತಿರುಗಿ ತಿರುಗಿ ಬೀಜ ತಾನಾಗಿ ನೆಲ ಕೊರೆದು ಮಣ್ಣಿನೊಳಗೆ ಕೂರುತ್ತದೆ. ಬೇಸಿಗೆಯಲ್ಲಿ ಮೇಲೆ ಬೆಂಕಿ ಹಾದುಹೋದರೂ ಒಳಗಿನ ಬೀಜಕ್ಕೆ ತೊಂದರೆಯಿಲ್ಲ.

ಆ ಹುಲ್ಲಿನ ಪಕ್ಕದಲ್ಲೇ ಪೊರಕೆಗೆ ಆಗುವ ಹಂಚಿಕಡ್ಡಿ, ಹಿಸುಕಿದರೆ ನಿಂಬೆ ವಾಸನೆ ಬರುವ ಇನ್ನೊಂದು, ದನಕ್ಕೆ ಪ್ರಿಯವಾದ ಮತ್ತೊಂದು. ಹೆಚ್ಚಿನವು ವರ್ಷಗಟ್ಟಲೆ ಬಾಳುವ ಬುಡಗಳು. ಮೇಲೆ ಒಂದಡಿ ಕಾಣುವ ಬುಡಕ್ಕೆ ಕೆಳಗೆ ಅದರ ಹಲವು ಪಟ್ಟು ಬೇರು. ಮರ ತನ್ನ ಇಂಗಾಲವನ್ನು ಕಾಂಡದಲ್ಲಿ ಇಟ್ಟುಕೊಂಡರೆ ಹುಲ್ಲು ಬಹುಪಾಲನ್ನು ಮಣ್ಣಿನೊಳಗೆ ಇಡುತ್ತದೆ. ದಿನ್ನೆಯ ಮೇಲೆ ಬಿದ್ದ ಮಳೆ ಈ ಬುಡಗಳ ನಡುವೆ ತಡೆತಡೆದು ಇಳಿದು, ಒಂದಿಷ್ಟು ಇಂಗಿ, ಉಳಿದದ್ದು ಹೆಚ್ಚು ಹೂಳು ಹೊರದೆ ಕೆಳಗಿನ ಕೆರೆ ಸೇರುತ್ತದೆ. ನಿತ್ಯ ಹರಿಯುವ ಒಂದು ಹೊಳೆಯೂ ಇಲ್ಲದ, ಅಂತರ್ಜಲದ ಅತಿಬಳಕೆಗೆ ಹೆಸರಾದ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಎಚ್.ಎನ್. ವ್ಯಾಲಿ ಯೋಜನೆಯ ಪೈಪಿನಲ್ಲಿ ತರಿಸಿ ಕೆರೆ ತುಂಬಿಸಿಕೊಳ್ಳುವ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ.

ಜೆಸಿಬಿ ಒಂದು ಸಲ ಮೇಲ್ಮಣ್ಣು ಕೆರೆದರೆ ಏನಾಗುತ್ತದೆ ಎಂಬುದಕ್ಕೆ ಪ್ರಯೋಗಾಲಯ ಬೇಡ, ಮಾರಾಟವಾಗದೆ ಉಳಿದ ಯಾವುದೇ ಲೇಔಟಿಗೆ ಹೋಗಿ ನೋಡಬಹುದು. ಮೊದಲ ಮಳೆಗೆ ಕಾಂಗ್ರೆಸ್ ಗಿಡ, ಆಮೇಲೆ ಲಂಟಾನ, ಸೀಮೆಜಾಲಿ. ಹಳೆಯ ಹುಲ್ಲು ತಿರುಗಿ ಬರುವುದಿಲ್ಲ. ಪರಿಸರ ವಿಜ್ಞಾನಿಗಳಾದ ಆಶಿಶ್ ನೆರ್ಲೇಕರ್ ಮತ್ತು ಜೋಸೆಫ್ ವೆಲ್ಡ್‌ಮನ್ 2020ರಲ್ಲಿ ಜಗತ್ತಿನ ಹಲವು ಕಡೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕೆದಕಿದ ಹುಲ್ಲುಗಾವಲು ತನ್ನ ಹಿಂದಿನ ಸಸ್ಯವೈವಿಧ್ಯಕ್ಕೆ ಮರಳಲು ಶತಮಾನಗಳೇ ಬೇಕು ಎಂದು ಕಂಡುಬಂತು. ಬಿತ್ತಿ ಬೆಳೆಸಿಕೊಳ್ಳಬಹುದಲ್ಲ ಎನ್ನುವವರು ಗಮನಿಸಬೇಕಾದ ಮಾತಿದು.

ನಂದಿಯಿಂದ ಹೊರಟ ನೀಲಗಿರಿ

ಈ ಜಿಲ್ಲೆಯ ಹುಲ್ಲಿಗೆ ಮೊದಲ ದೊಡ್ಡ ಪೆಟ್ಟು ಕೊಟ್ಟದ್ದು ಸಿಮೆಂಟಲ್ಲ, ಮರ. ಭಾರತಕ್ಕೆ ನೀಲಗಿರಿ ಬಂದ ಕಥೆ ನಂದಿಬೆಟ್ಟದಿಂದಲೇ ಶುರುವಾಗುತ್ತದೆ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ಅಲ್ಲಿನ ತನ್ನ ತೋಟದಲ್ಲಿ ಅದರ ಸಸಿಗಳನ್ನು ಹಾಕಿಸಿದ ಎಂಬುದು ಅರಣ್ಯ ಚರಿತ್ರೆಯ ಪ್ರಸಿದ್ಧ ಅಧ್ಯಾಯ. ಅಲ್ಲಿಂದ ಹುಟ್ಟಿಬಂದ ತಳಿಗೆ ‘ಮೈಸೂರ್ ಗಮ್’ ಎಂದೇ ಹೆಸರಾಗಿ, ದೇಶದ ಉದ್ದಗಲಕ್ಕೂ ಹೋಯಿತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಆಗಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ರಾಗಿ ಹೊಲ, ಗೋಮಾಳ ಎನ್ನದೆ ನೀಲಗಿರಿ ಎದ್ದಿತು. ಅದರ ನೆರಳಿನಲ್ಲಿ, ಅದು ಉದುರಿಸುವ ಎಲೆಯ ಕೆಳಗೆ ಬಿಸಿಲಿನ ಹುಲ್ಲು ಉಳಿಯುವುದಿಲ್ಲ.

ನಂದಿಯಲ್ಲೇ ಹುಟ್ಟುವ ಅರ್ಕಾವತಿ ಏಕೆ ಬತ್ತಿತು ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯವರು ಹುಡುಕಿದಾಗ, ಮಳೆ ಕಡಿಮೆಯಾದದ್ದಕ್ಕಿಂತ ಕೊಳವೆಬಾವಿಗಳ ಎಳೆತವೂ ನೀಲಗಿರಿ ತೋಪುಗಳೂ ಹೆಚ್ಚು ಕಾರಣವಾಗಿ ಕಂಡವು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಬಯಲು ಕಂಡರೆ ಗುಂಡಿ ತೋಡುವ ಅಭ್ಯಾಸ ಹೋಗಿಲ್ಲ. ವನಮಹೋತ್ಸವದಲ್ಲಿ ಈಗ ಹೊಂಗೆ, ಬೇವು. ಕೆರೆ ಏರಿಯ ಬದಿ, ರಸ್ತೆ ಬದಿ, ಶಾಲೆಯ ಅಂಗಳ ಇವಕ್ಕೆಲ್ಲ ಹೊಂಗೆ ಬೇಕೇ ಬೇಕು. ಹುಲ್ಲಿನ ದಿನ್ನೆಗೆ ಬೇಡ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕಾಗಿ ಅಭಯಾರಣ್ಯ ಮಾಡಿಯೂ ಅದರ ತುಂಬ ನೀಲಗಿರಿ ಬೆಳೆಸಿದರು. ಅಲ್ಲಿ ಒಂದು ಕಾಲಕ್ಕಿದ್ದ ಎರ್ಲಡ್ಡು ಈಗಿಲ್ಲ.

ಪಹಣಿಯಲ್ಲಿ ಇಲ್ಲದ ಹುಲ್ಲು

ಊರಾಚೆಯ ಹುಲ್ಲಿನ ನೆಲ ಕಂದಾಯ ದಾಖಲೆಯಲ್ಲಿ ಗೋಮಾಳ ಎಂದೋ ಖರಾಬು ಎಂದೋ ಇರುತ್ತದೆ. ಅರಣ್ಯವೆಂದು ಗುರುತಿಸುವಾಗ ಮರಗಳ ದಟ್ಟಣೆ ನೋಡುತ್ತಾರೆ. ಹಾಗಾಗಿ ಒಳ್ಳೆಯ ಹುಲ್ಲುಗಾವಲಿಗೆ ಡೀಮ್ಡ್ ಫಾರೆಸ್ಟ್ ಪಟ್ಟಿಯಲ್ಲೂ ಜಾಗವಿಲ್ಲ. ಬೇಸಾಯದ ಜಮೀನಿಗೆ ಇರುವ ಮಾಲೀಕನೂ ಇಲ್ಲ. ಎರಡೂ ಕಡೆಯ ರಕ್ಷಣೆಯಿಂದ ಹೊರಗುಳಿದದ್ದು ಗೋಮಾಳ.

ಕಾನೂನು ಪೂರ್ತಿ ಕೈಬಿಟ್ಟಿದೆ ಎಂದೇನಲ್ಲ. 1964ರ ಭೂಕಂದಾಯ ಕಾಯ್ದೆಯಡಿ 1966ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ 100 ಜಾನುವಾರಿಗೆ 30 ಎಕರೆಯಂತೆ ಮೇವಿನ ನೆಲ ಕಾದಿಡಬೇಕು. ಅದಕ್ಕಿಂತ ‘ಹೆಚ್ಚುವರಿ’ ಇದೆ ಎಂದು ತಹಶೀಲ್ದಾರರ ವರದಿ ಬಂದರೆ ಉಳಿದದ್ದನ್ನು ಬೇರೆ ಕೆಲಸಕ್ಕೆ ಮಂಜೂರು ಮಾಡಬಹುದು. ನಿಯಮ ದನ ಎಣಿಸುತ್ತದೆ, ಹುಲ್ಲು ನೋಡುವುದಿಲ್ಲ. ಈಗಿನ ಸೀಮೆಹಸುಗಳು ಕೊಟ್ಟಿಗೆ ಬಿಟ್ಟು ಹೊರಬರುವುದು ಕಡಿಮೆ. ಹಾಲಿನ ಡೇರಿಗೆ ಹೋಗುವ ಹಾಲು ನೇಪಿಯರ್ ಹುಲ್ಲು, ಜೋಳದ ಕಡ್ಡಿ, ಹಿಂಡಿಯಿಂದ ಬರುತ್ತಿದೆ. ಹೀಗಾಗಿ ‘ಈಗ ಯಾರು ಮೇಯಿಸ್ತಾರೆ ಸಾರ್’ ಎಂಬ ಮಾತಿಗೆ ಗ್ರಾಮಸಭೆಯಲ್ಲೇ ತಲೆಯಾಡಿಸುವವರಿದ್ದಾರೆ. ಕುರಿ, ಮೇಕೆಯವರು ಆ ಸಭೆಗೆ ಬರುವುದೇ ಅಪರೂಪ. ಅವರು ಆ ಹೊತ್ತಿಗೆ ದಿನ್ನೆಯ ಮೇಲಿರುತ್ತಾರೆ.

ಇದರ ಮೇಲೆ ಬಗರ್‌ಹುಕುಂ ಸಾಗುವಳಿ, ಅದನ್ನು ಸಕ್ರಮ ಮಾಡಿಕೊಡಿ ಎಂದು ಕೋರುವ ನಮೂನೆ 50, 53, 57ರ ಅರ್ಜಿಗಳು. ಭೂಮಿಯಿಲ್ಲದವನೊಬ್ಬ ಎರಡು ಎಕರೆ ಉತ್ತು ಅರ್ಜಿ ಹಾಕಿದ್ದರೆ ಅವನನ್ನು ಪರಿಸರದ ಶತ್ರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವನ ಹೆಸರಿನ ಹಿಂದೆ ನಿಂತು ಹತ್ತಾರು ಎಕರೆ ಬೇಲಿ ಹಾಕಿಕೊಂಡವರ ವಿಷಯ ಬೇರೆ. ಊರಿನ ಸಾಮೂಹಿಕ ನೆಲವನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ಮರಳಿಸಬೇಕು ಎಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ನಮ್ಮಲ್ಲಿ ಅದನ್ನು ನೆನಪಿಸುವವರು ಹೆಚ್ಚಾಗಿ ವಕೀಲರು.

ಜಮೀನಿಗೆ ಜನ, ಗೋಮಾಳಕ್ಕೆ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತು, 1,777 ಎಕರೆಯ ಭೂಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಡುವಂತೆ ಮಾಡಿದರು. ಶಿಡ್ಲಘಟ್ಟದ ಜಂಗಮಕೋಟೆ ಹೋಬಳಿಯಲ್ಲೂ ಕೈಗಾರಿಕೆಗೆ ಜಮೀನು ಕೊಡುವ ಬಗ್ಗೆ ರೈತರ ನಡುವೆ ವಾದ ನಡೆದೇ ಇದೆ. ದ್ರಾಕ್ಷಿ, ಹಿಪ್ಪುನೇರಳೆ, ರೇಷ್ಮೆಗೂಡಿನ ಸಂತೆ ಕಂಡ ನೆಲ ಅದು. ಅದಕ್ಕಾಗಿ ಜನ ಬೀದಿಗಿಳಿಯುವುದು ಸಹಜ, ನ್ಯಾಯ ಕೂಡ.

ಆದರೆ ಇದರ ಇನ್ನೊಂದು ತುದಿಯನ್ನೂ ನೋಡಬೇಕು. ರೈತರ ಜಮೀನು ಸಿಗದಾಗ, ಸಿಕ್ಕರೂ ಪರಿಹಾರ ದುಬಾರಿಯಾದಾಗ, ಆಡಳಿತದ ಕಣ್ಣು ಸರ್ಕಾರಿ ಜಾಗದ ಮೇಲೆ ಬೀಳುತ್ತದೆ. ಪರಿಹಾರವಿಲ್ಲ, ಧರಣಿಯಿಲ್ಲ, ಒಂದು ಕಡತ ಸಾಕು. ಬಡವರ ನಿವೇಶನ, ಹಾಸ್ಟೆಲ್, ಕಸ ವಿಲೇವಾರಿ ಘಟಕ, ವಿದ್ಯುತ್ ಉಪಕೇಂದ್ರ, ಸ್ಮಶಾನ ಎಲ್ಲವೂ ಬೇಕಾದವೇ, ಎಲ್ಲವೂ ಗೋಮಾಳಕ್ಕೇ ಬರುತ್ತವೆ. ಒಂದೊಂದೂ ಐದೋ ಹತ್ತೋ ಎಕರೆ. ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ಒಟ್ಟಿಗೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದಾಗ ದೇಶವೇ ತಿರುಗಿ ನೋಡಿತು, ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಇಲ್ಲಿ ಸವೆಯುತ್ತಿರುವುದು ಸೋಪಿನಂತೆ. ಯಾವ ದಿನ ಮುಗಿಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಪಕ್ಕದಲ್ಲೇ ಎರಡು ದಾರಿ

ಗೌರಿಬಿದನೂರಿನಿಂದ ಪಶ್ಚಿಮಕ್ಕೆ, ಜಿಲ್ಲೆಯ ಗಡಿ ದಾಟಿದರೆ ಮಧುಗಿರಿ ತಾಲ್ಲೂಕು. ಅದರ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳಿವೆ. ತುಮಕೂರಿನ ವನ್ಯಜೀವಿ ಆಸಕ್ತರು ವರ್ಷಗಟ್ಟಲೆ ಬೆನ್ನುಬಿದ್ದ ಮೇಲೆ 2007ರಲ್ಲಿ ಅಲ್ಲಿನ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಗಾತ್ರದಲ್ಲಿ ಇದು ಏನೂ ಅಲ್ಲ. ಮೃಗಗಳು ಗಡಿಗಲ್ಲು ಓದುವುದೂ ಇಲ್ಲ, ಸುತ್ತಲಿನ ಶೇಂಗಾ, ರಾಗಿ ಹೊಲಗಳಿಗೆ ಇಳಿಯುತ್ತವೆ. ಆದರೂ ಅವು ಉಳಿದಿರುವುದು ಆ ಬಯಲು ಒಂದೇ ತುಂಡಾಗಿ ಉಳಿದದ್ದರಿಂದ, ಮತ್ತು ಹೊಲದವರು ಅಷ್ಟಿಷ್ಟು ಸಹಿಸಿಕೊಂಡದ್ದರಿಂದ.

ದಕ್ಷಿಣಕ್ಕೆ ಹೆಸರಘಟ್ಟ. ನಂದಿಯಿಂದ ಇಳಿದ ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಕೆರೆ ಬೆಂಗಳೂರಿಗೆ ನಲ್ಲಿ ನೀರು ಕೊಟ್ಟಿತು. ಅದರ ಸುತ್ತಲಿನ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಳ್ಳಿಹಾಕಿತ್ತು. ಸಂಗತಿ ಹೈಕೋರ್ಟಿಗೆ ಹೋಯಿತು. ಕೊನೆಗೆ 2024ರಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ವಿರೋಧಿಸಿದ ಊರಿನವರ ಆತಂಕ ಒಂದೇ: ನಾಳೆ ಅರಣ್ಯ ಇಲಾಖೆಯವರು ಬಂದು ದನ ಬಿಡಬೇಡಿ ಅಂದರೆ? 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಗೆ ಸೇರಿದ ‘ಸಂರಕ್ಷಣಾ ಮೀಸಲು’ ಅಭಯಾರಣ್ಯದಷ್ಟು ಬಿಗಿಯಲ್ಲ. ಅಲ್ಲಿ ಊರವರ ಹಕ್ಕುಗಳು ಮುಂದುವರಿಯುತ್ತವೆ, ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯವರೂ ಇರುತ್ತಾರೆ. ಹುಲ್ಲುಗಾವಲಿಗೆ ಹದವಾದ ಮೇಯಿಸುವಿಕೆ ಬೇಕು ಕೂಡ. ಇದನ್ನು ಊರವರಿಗೆ ಮೊದಲೇ ಬಿಡಿಸಿ ಹೇಳಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲವೇನೋ.

ಕಟ್ಟಿದ ಮೇಲೆ ಉಳಿಸುತ್ತೇವೆ ಎಂದವರು

ನಗರವೂ ಬೆಳೆಯಲಿ, ಹುಲ್ಲೂ ಉಳಿಯಲಿ ಎಂದು ದೊಡ್ಡ ಲೆಕ್ಕ ಹಾಕಿದ ಊರು ಆಸ್ಟ್ರೇಲಿಯಾದ ಮೆಲ್ಬರ್ನ್. ಅದರ ಪಶ್ಚಿಮದ ಬಯಲಿನಲ್ಲಿ ಹೊಸ ಬಡಾವಣೆಗಳಿಗೆ ಅನುಮತಿ ಕೊಡುವಾಗ, ಬದಲಿಗೆ 15,000 ಹೆಕ್ಟೇರ್ ಹುಲ್ಲುಗಾವಲನ್ನು 2020ರೊಳಗೆ ಕೊಂಡು ಮೀಸಲಿಡುವುದಾಗಿ ಅಲ್ಲಿನ ರಾಜ್ಯ ಸರ್ಕಾರ ಒಪ್ಪಿಕೊಂಡಿತು. ಬಡಾವಣೆಯವರು ಕಟ್ಟುವ ಶುಲ್ಕದಿಂದಲೇ ಆ ಖರೀದಿ. 2020ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ನೋಡಿದಾಗ ಕೊಂಡದ್ದು ಹತ್ತರಲ್ಲಿ ಒಂದು ಪಾಲಿನಷ್ಟು. ಅಷ್ಟರಲ್ಲಿ ಮನೆಗಳು ಎದ್ದಿದ್ದವು, ನೆಲದ ಬೆಲೆ ಏರಿತ್ತು, ಕೊಳ್ಳದೆ ಬಿಟ್ಟ ಹುಲ್ಲಿನಲ್ಲಿ ಕಳೆ ಹಬ್ಬಿತ್ತು. ಹಣವಿದ್ದ, ದಾಖಲೆ ಚೊಕ್ಕವಾಗಿದ್ದ ದೇಶದ ಕಥೆ ಇದು. ಇಲ್ಲಿ ನಮಗೆ ಇರುವ ಒಂದೇ ಅನುಕೂಲವೆಂದರೆ ಗೋಮಾಳವನ್ನು ಯಾರಿಂದಲೂ ಕೊಳ್ಳಬೇಕಾಗಿಲ್ಲ, ಅದು ಈಗಲೂ ಸರ್ಕಾರದ್ದೇ.

ಎಲ್ಲಿ ಕಟ್ಟಬಹುದು

ಹಾಗಾದರೆ ಕಟ್ಟುವುದೇ ಬೇಡವೇ? ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಮೂಟೆ ಹೊರುವವರಿಗೂ ಗೌರಿಬಿದನೂರಿನ ಕಾರ್ಖಾನೆಗೆ ಹೋಗುವವರಿಗೂ ಮನೆ ಬೇಕು. ನನ್ನ ಮಟ್ಟಿಗೆ ಕ್ರಮ ಸರಳ: ಈಗಾಗಲೇ ಕೆದಕಿದ ನೆಲ ಮೊದಲು, ಎಂದೂ ಉಳದ ನೆಲ ಕೊನೆಗೆ. ಒಪ್ಪಿಗೆ ಪಡೆದು ವರ್ಷಗಳಾದರೂ ಮುಕ್ಕಾಲು ಖಾಲಿ ಬಿದ್ದಿರುವ ಲೇಔಟುಗಳು, ಬುಡ ಕಿತ್ತ ನೀಲಗಿರಿ ತೋಪುಗಳು, ಮಣ್ಣು ತೆಗೆದು ಹೊಂಡವಾದ ಸರ್ಕಾರಿ ಜಾಗಗಳು ನಾಲ್ಕೂ ಊರುಗಳ ಸುತ್ತ ಇವೆ. ಹಾಸ್ಟೆಲು, ಉಪಕೇಂದ್ರ, ನಿವೇಶನ ಅಲ್ಲಿಗೆ ಹೋಗಲಿ. ಬೆಟ್ಟದ ಬುಡದ, ಕೆರೆಯ ಮೇಲಿನ, ಒಂದಕ್ಕೊಂದು ಅಂಟಿಕೊಂಡ ಗೋಮಾಳಗಳನ್ನು ಮಾಸ್ಟರ್ ಪ್ಲಾನಿನಲ್ಲಿ ಹುಲ್ಲುಗಾವಲು ಎಂದೇ ಬಣ್ಣ ಹಚ್ಚಿ ಬಿಡಲಿ. ಯಾವುದು ಉಳದ ನೆಲ ಎಂದು ಹೇಳಲು ಉಪಗ್ರಹವೂ ಬೇಡ, ಆ ಊರಿನ ಕುರಿಯವರನ್ನು ಕರೆದು ಕೇಳಿದರಾಯಿತು.

ಬಡಾವಣೆಗಳೂ ಒಂದು ಕೆಲಸ ಮಾಡಬಹುದು. ನಕ್ಷೆಯಲ್ಲಿ ಪಾರ್ಕಿಗೆಂದು ಬಿಡಲೇಬೇಕಾದ ಪಾಲನ್ನು ಮೂಲೆಗಳಲ್ಲಿ ಚೂರುಚೂರಾಗಿ ಚೆಲ್ಲುವ ಬದಲು ಗೋಮಾಳದ ಅಂಚಿಗೆ ಒಟ್ಟಿಗೆ ಇಟ್ಟು, ಜೆಸಿಬಿ ಮುಟ್ಟಿಸದೆ ಬಿಡುವುದು. ಇದ್ದ ಹುಲ್ಲು ಕೆರೆದು ಹಾಕಿ, ಮೆಕ್ಸಿಕನ್ ಹುಲ್ಲು ಹಾಸಿ, ಸಾವಿರ ಅಡಿ ಕೊಳವೆಬಾವಿಯ ನೀರನ್ನು ಟ್ಯಾಂಕರಿನಲ್ಲಿ ತಂದು ಸುರಿಯುವುದನ್ನು ನೋಡುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕಾನೂನಿನ ದಾರಿಗಳು ಇನ್ನೂ ಇವೆ. 2002ರ ಜೀವವೈವಿಧ್ಯ ಕಾಯ್ದೆಯಡಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲೇ ಪಾರಂಪರಿಕ ತಾಣವಾಯಿತು, ದೇಶದಲ್ಲೇ ಮೊದಲನೆಯದು. ಚಿಕ್ಕಬಳ್ಳಾಪುರ ಜಿಲ್ಲೆಯ ಆದಿನಾರಾಯಣಸ್ವಾಮಿ ಬೆಟ್ಟವನ್ನೂ ಹಾಗೆಯೇ ಗುರುತಿಸಲು ರಾಜ್ಯ ಜೀವವೈವಿಧ್ಯ ಮಂಡಳಿ ಕೆಲ ವರ್ಷಗಳ ಹಿಂದೆ ತೀರ್ಮಾನಿಸಿತ್ತು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಊರಿನ ಗಿಡ, ಹಕ್ಕಿ, ಮೇವಿನ ನೆಲಗಳ ದಾಖಲಾತಿ ಪುಸ್ತಕವೂ ಇರಬೇಕು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದೆ. ಆ ನೆಪದಲ್ಲಾದರೂ ಮುಂದಿನ ಗ್ರಾಮಸಭೆಗೆ ಹೋಗುವವರು ಪಿಡಿಒ ಅವರನ್ನು ಆ ದಾಖಲಾತಿ ಪುಸ್ತಕ ಕೇಳಬಹುದು. ತಮ್ಮೂರಿನ ಗೋಮಾಳದ ಸರ್ವೆ ನಂಬರು ಅದರಲ್ಲಿದೆಯೇ ನೋಡಬಹುದು. ಇಲ್ಲವಾದರೆ ಬರೆಸಲು ಅದೇ ಸಭೆಯ ಒಂದು ನಿರ್ಣಯ ಸಾಕು, ಮಂಜೂರಾತಿಯ ಕಡತ ತಹಶೀಲ್ದಾರರ ಮೇಜಿಗೆ ಬರುವುದಕ್ಕೆ ಮುಂಚೆ.